ರೋಬೊಕಾಪ್, ಹಳೆಯದು ಮತ್ತು ಹೊಸದು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ರೋಬೊಕಾಪ್ ಹುಚ್ಚು ಅಂತ ಗೊತ್ತಿರುವವರು ಮದುವೆ ಮನೆಯ ಪಂಕ್ತಿಯಲ್ಲೂ ಬಿಡುವುದಿಲ್ಲ. 2014ರ ರೀಮೇಕ್ ಬಗ್ಗೆ ಒಂದು ಮಾತು ಎತ್ತುತ್ತಾರೆ, ನಾನು ಶುರು ಮಾಡುತ್ತೇನೆ, ಎಲೆಯ ಮೇಲಿನ ಸಾರು ಆರಿ ಹೋಗುತ್ತದೆ. ಅದಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಇದ್ದ ಹಾಗೇ ಇಟ್ಟಿದ್ದೇನೆ. ಎರಡೂ ಚಿತ್ರಗಳ ಕತೆ, ಕೊನೆ ಎಲ್ಲ ಬಯಲಾಗುತ್ತದೆ. ಇನ್ನೂ ನೋಡದವರು ಮೊದಲ ಭಾಗ ಮಾತ್ರ ಓದಿ, ಉಳಿದದ್ದಕ್ಕೆ ಚಿತ್ರ ನೋಡಿಕೊಂಡು ಬನ್ನಿ.

## ಮೊದಲ ಸಲ ಕೇಳುವವರಿಗೆ

ರೋಬೊಕಾಪ್ ಅಂದ್ರೆ ಆ ಕಬ್ಬಿಣದ ಪೊಲೀಸ್ ಪಿಚ್ಚರ್ ಅಲ್ವಾ? ಯಾವ ಕಾಲದ್ದು ಅದು?

ಅದೇ. 1987ರ ಜುಲೈನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಪಾಲ್ ವರ್ಹೂವೆನ್, ನೆದರ್ಲೆಂಡ್ಸ್‌ನವರು. ಬರೆದವರು ಎಡ್ವರ್ಡ್ ನ್ಯೂಮಾಯರ್ ಮತ್ತು ಮೈಕೆಲ್ ಮೈನರ್. ಸ್ಕ್ರಿಪ್ಟ್ ಕೈಗೆ ಬಂದಾಗ ವರ್ಹೂವೆನ್ ಸ್ವಲ್ಪ ಓದಿ ಎಸೆದುಬಿಟ್ಟಿದ್ದರು. ಅದನ್ನು ಎತ್ತಿಕೊಂಡು ಓದಿ, ಇನ್ನೊಂದು ಸಲ ನೋಡಿ ಅಂತ ಒಪ್ಪಿಸಿದ್ದು ಅವರ ಹೆಂಡತಿ ಮಾರ್ಟೀನ್. ಆ ತಾಯಿಗೆ ನಾವೆಲ್ಲ ಋಣಿ.

ನಾನು ಇದನ್ನು ನೋಡಿದ್ದು ಶಿವಮೊಗ್ಗದಲ್ಲಿ, ಬಾಡಿಗೆ ವಿಸಿಆರ್‌ನಲ್ಲಿ. ಬೀದಿಯವರೆಲ್ಲ ದುಡ್ಡು ಹಾಕಿ ಒಂದು ರಾತ್ರಿಗೆ ಟೀವಿ, ವಿಸಿಆರ್, ಮೂರು ಕ್ಯಾಸೆಟ್ ತರುತ್ತಿದ್ದ ಕಾಲ. ಎರಡು ಮನೆಮಂದಿಗೆ, ಕೊನೆಯದು ಹುಡುಗರಿಗೆ. ನಮ್ಮ ಪಾಲಿನದು ಶುರುವಾಗುವಾಗ ರಾತ್ರಿ ಎರಡು ದಾಟಿತ್ತು. ಇಂಗ್ಲಿಷ್ ಅರ್ಧ ಅರ್ಥವಾಗಲಿಲ್ಲ. ನಿದ್ದೆ ಮಾತ್ರ ಯಾರೂ ಮಾಡಲಿಲ್ಲ.

ಎರಡರ ಕತೆಯೂ ಒಂದೇನಾ?

ಎಲುಬು ಒಂದೇ. ಡೆಟ್ರಾಯಿಟ್ ನಗರದ ಪೊಲೀಸ್ ಅಲೆಕ್ಸ್ ಮರ್ಫಿ ಸಾವಿನ ಬಾಯಿಗೆ ಹೋಗುತ್ತಾನೆ. ದೊಡ್ಡ ಕಂಪನಿಯೊಂದು ಉಳಿದದ್ದನ್ನು ಯಂತ್ರಕ್ಕೆ ಸೇರಿಸಿ ಹೊಸ ಪೊಲೀಸನ್ನು ತಯಾರಿಸುತ್ತದೆ. ಕಂಪನಿಯೊಳಗೇ ಕಳ್ಳರಿದ್ದಾರೆ. ಕೊನೆಗೆ ಅವನು ಅವರ ಮೇಲೇ ತಿರುಗಿ ಬೀಳುತ್ತಾನೆ.

ಮಾಂಸ ಬೇರೆ. ಹಳೆಯದರಲ್ಲಿ ಮರ್ಫಿ ಸತ್ತೇ ಹೋಗುತ್ತಾನೆ. ಎದ್ದು ಬರುವುದು ಹೆಸರಿಲ್ಲದ ಒಂದು ಯಂತ್ರ. ಅದಕ್ಕೆ ನಿಧಾನವಾಗಿ ತಾನು ಯಾರಾಗಿದ್ದೆ ಅನ್ನುವುದು ನೆನಪಾಗುತ್ತದೆ. ಹೊಸದರಲ್ಲಿ ಅವನು ಎಚ್ಚರವಾದ ಕ್ಷಣದಿಂದಲೇ ಮರ್ಫಿ. ಹೆಂಡತಿ ಗೊತ್ತು, ಮಗ ಗೊತ್ತು, ಎಲ್ಲ ಗೊತ್ತು. ಆಮೇಲೆ ಕಂಪನಿಯವರು ಮಿದುಳಿನ ಡೋಪಮೀನ್ ಅನ್ನುವ ರಾಸಾಯನಿಕವನ್ನು ಇಳಿಸಿ ಅವನನ್ನು ಮರಗಟ್ಟಿಸುತ್ತಾರೆ, ಅವನು ಅದನ್ನೂ ಮೀರಿ ವಾಪಸ್ ಬರುತ್ತಾನೆ. ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ನನ್ನ ಪ್ರಕಾರ ಚಿತ್ರ ಕೈತಪ್ಪಿದ್ದು ಇಲ್ಲೇ.

ಹೊಸದು ಅಷ್ಟೊಂದು ಕೆಟ್ಟದಾಗಿದೆಯಾ? ನಂಗೇನೋ ಪರವಾಗಿಲ್ಲ ಅನ್ನಿಸ್ತು.

ಪರವಾಗಿಲ್ಲ ಅನ್ನುವುದೇ ಅದರ ಸಮಸ್ಯೆ. ಕೆಟ್ಟ ಚಿತ್ರವಾಗಿದ್ದರೆ ನಕ್ಕು ಮರೆಯಬಹುದಿತ್ತು. ಗ್ಯಾರಿ ಓಲ್ಡ್‌ಮನ್, ಮೈಕೆಲ್ ಕೀಟನ್, ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅಂಥ ನಟರಿದ್ದಾರೆ. ಮರ್ಫಿಯಾಗಿ ಜೋಯಲ್ ಕಿನ್ನಮನ್ ಶ್ರದ್ಧೆಯಿಂದಲೇ ಮಾಡಿದ್ದಾನೆ. ಕ್ಯಾಮೆರಾ ಚೆನ್ನಾಗಿದೆ. ಇಷ್ಟೆಲ್ಲ ಇದ್ದೂ ನೋಡಿ ಎದ್ದ ಮೇಲೆ ಒಂದು ಡೈಲಾಗೂ ತಲೆಯಲ್ಲಿ ಉಳಿಯುವುದಿಲ್ಲ. ಉಪ್ಪು ಹಾಕುವುದು ಮರೆತ ಉಪ್ಪಿಟ್ಟಿನ ಹಾಗೆ. ಗೋಡಂಬಿ ಇದೆ, ತುಪ್ಪ ಇದೆ, ಬಿಸಿಯೂ ಇದೆ.

ಮೊದಲು ಯಾವುದು ನೋಡ್ಲಿ?

ಹಳೆಯದು. ಕತ್ತರಿ ಬೀಳದ, ನಿರ್ದೇಶಕರ ಆವೃತ್ತಿ ಸಿಕ್ಕರೆ ಅದನ್ನೇ ನೋಡಿ. ಟೀವಿಯಲ್ಲಿ ಬಂದಿದ್ದನ್ನು ನೋಡಿ 'ನಾನು ನೋಡಿದ್ದೇನೆ' ಅನ್ನಬೇಡಿ.

ಮಕ್ಕಳ ಜೊತೆ ಕೂತು ನೋಡಬಹುದಾ?

ಹೊಸದನ್ನು ಹೈಸ್ಕೂಲ್ ಮಕ್ಕಳ ಜೊತೆ ನೋಡಬಹುದು. ಹಳೆಯದನ್ನು ಬೇಡ. ಆ ಕಾಲದಲ್ಲಿ ರೋಬೊಕಾಪ್ ಗೊಂಬೆ, ಕಾರ್ಟೂನ್ ಎಲ್ಲ ಬಂದು ಇದು ಮಕ್ಕಳ ಚಿತ್ರ ಅನ್ನುವ ಭ್ರಮೆ ಹುಟ್ಟಿತು. 1988ರಲ್ಲೇ ಕಾರ್ಟೂನ್ ಸರಣಿ ಬಂದಿತ್ತು ಅಂದರೆ ಯೋಚಿಸಿ. ಹದಿನೈದು ನಿಮಿಷದೊಳಗೆ ಮೀಟಿಂಗ್ ರೂಮಿನಲ್ಲಿ ಒಬ್ಬ ಮನುಷ್ಯನನ್ನು ಯಂತ್ರ ಚಿಂದಿ ಮಾಡುವ ಚಿತ್ರದ ಕಾರ್ಟೂನ್!

## ಎರಡೂ ನೋಡಿದವರಿಗೆ

ಹಳೇದ್ರಲ್ಲಿ ಅಷ್ಟೊಂದು ರಕ್ತ ಬೇಕಿತ್ತಾ? ಅದಿಲ್ದೇನೂ ಕತೆ ಹೇಳಬಹುದಿತ್ತಲ್ಲ?

ಹೇಳಬಹುದಿತ್ತು. 2014ರವರು ಅದನ್ನೇ ಮಾಡಿದರು, ಏನಾಯಿತು ಅಂತ ನೋಡಿದೆವು.

ಅಮೆರಿಕದ ಚಿತ್ರೋದ್ಯಮದ ರೇಟಿಂಗ್ ಮಂಡಳಿ ಮೊದಲು ಹಳೆಯ ಚಿತ್ರಕ್ಕೆ ಎಕ್ಸ್ ಕೊಟ್ಟಿತ್ತು, ಅಂದರೆ ದೊಡ್ಡವರಿಗೆ ಮಾತ್ರ. ಹಾಗೆ ಬಿಟ್ಟರೆ ಹೆಚ್ಚಿನ ಥಿಯೇಟರ್‌ಗಳು ಹಾಕುವುದೇ ಇಲ್ಲ. ವರ್ಹೂವೆನ್ ಮತ್ತೆ ಮತ್ತೆ ಕತ್ತರಿ ಹಾಕಿ, ಮತ್ತೆ ಮತ್ತೆ ಕಳಿಸಿ, ಕಡೆಗೆ ಆರ್ ರೇಟಿಂಗ್ ಪಡೆದರು, ಅಂದರೆ ದೊಡ್ಡವರ ಜೊತೆ ಬಂದರೆ ಮಕ್ಕಳೂ ನೋಡಬಹುದು. ಅವರ ತಕರಾರು ಕೇಳುವಂಥದ್ದು: ಕತ್ತರಿಸಿದ ಮೇಲೆ ದೃಶ್ಯಗಳು ಇನ್ನೂ ಭೀಕರವಾದವು ಅಂತ.

ಮೀಟಿಂಗ್ ರೂಮಿನ ದೃಶ್ಯವನ್ನೇ ತಗೊಳ್ಳಿ. ಕತೆಯ ಆ ದೊಡ್ಡ ಕಂಪನಿ, ಹೆಸರು ಓಸಿಪಿ, ತನ್ನ ಹೊಸ ಯಂತ್ರ ಇಡಿ-209 ಅನ್ನು ಎಲ್ಲರಿಗೂ ತೋರಿಸುತ್ತಿದೆ. ಕಿನ್ನಿ ಅನ್ನುವ ಕಿರಿಯ ನೌಕರನ ಕೈಗೆ ಪಿಸ್ತೂಲು ಕೊಟ್ಟು, ಯಂತ್ರದ ಕಡೆ ಗುರಿಯಿಡು ಅನ್ನುತ್ತಾರೆ. ಯಂತ್ರ ಎಚ್ಚರಿಸುತ್ತದೆ: 20 ಸೆಕೆಂಡ್ ಟೈಮಿದೆ, ಕೆಳಗಿಡು. ಅವನು ತಕ್ಷಣ ಬಿಸಾಕುತ್ತಾನೆ. ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ, ಎಣಿಸುತ್ತಲೇ ಹೋಗುತ್ತದೆ. ಕಿನ್ನಿ ಸಹೋದ್ಯೋಗಿಗಳ ಹಿಂದೆ ಅವಿತುಕೊಳ್ಳಲು ಓಡಿದರೆ ಅವರು ಅವನನ್ನು ಆಚೆ ತಳ್ಳುತ್ತಾರೆ. ಆಮೇಲೆ ಗುಂಡು. ಕತ್ತರಿಸಿದ ಆವೃತ್ತಿಯಲ್ಲಿ ಸ್ವಲ್ಪದಕ್ಕೇ ನಿಲ್ಲುತ್ತದೆ, ನಮಗೆ ಗಾಬರಿಯಾಗುತ್ತದೆ. ಪೂರ್ತಿ ಆವೃತ್ತಿಯಲ್ಲಿ ಆ ಗುಂಡು ನಿಲ್ಲುವುದೇ ಇಲ್ಲ. ಸತ್ತ ಮೇಲೂ, ಅಲ್ಲೇ ಇಟ್ಟಿದ್ದ ಪುಟ್ಟ ಮಾದರಿ ನಗರದ ಮೇಲೆ ಬಿದ್ದ ಮೇಲೂ ಹೊಡೆಯುತ್ತಲೇ ಇರುತ್ತದೆ. ಒಂದು ಹಂತದಲ್ಲಿ ನಗು ಬಂದುಬಿಡುತ್ತದೆ, ಬಂದಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಅಷ್ಟರಲ್ಲಿ ಒಬ್ಬ ಕಿರುಚುತ್ತಾನೆ, ಯಾರಾದ್ರೂ ಡಾಕ್ಟರ್‌ನ ಕರೀರಿ ಅಂತ. ಕಂಪನಿಯ ಯಜಮಾನನಿಗೆ ನಿರಾಸೆಯಾದದ್ದು ಯಂತ್ರ ಕೆಟ್ಟಿದ್ದಕ್ಕೆ.

ರೀಮೇಕ್‌ಗೆ ಸಿಕ್ಕಿದ್ದು ಪಿಜಿ-13. ಅಂದರೆ ಹದಿಮೂರು ದಾಟಿದ ಮಕ್ಕಳ ಟಿಕೆಟ್ ದುಡ್ಡೂ ಬೇಕು. ಹೀಗಾಗಿ ಮರ್ಫಿ ಸಾವಿನ ಬಾಯಿಗೆ ಹೋಗುವುದು ಕಾರಿನ ಬಾಂಬಿನಲ್ಲಿ, ಒಂದು ಕ್ಷಣದಲ್ಲಿ. ಆಮೇಲೆ ರೋಬೊಕಾಪ್ ಕಳ್ಳರನ್ನು ಹಿಡಿಯುವುದು ಹೆಚ್ಚಾಗಿ ಟೇಸರ್‌ನಿಂದ, ಕರೆಂಟ್ ಶಾಕ್ ಕೊಟ್ಟು. ಅದನ್ನು ನೋಡುವಾಗ ನನಗೆ ಸೊಳ್ಳೆ ಬ್ಯಾಟ್ ನೆನಪಾಯಿತು.

ಯಾವಾಗ್ಲೂ ಆ 'ಕೈ' ವಿಷಯ ಹೇಳ್ತೀರಲ್ಲ, ಏನದು?

ಎರಡು ಚಿತ್ರಗಳ ವ್ಯತ್ಯಾಸ ಒಂದೇ ವಸ್ತುವಿನಲ್ಲಿ ತೋರಿಸು ಅಂದರೆ ನಾನು ಕೈ ತೋರಿಸುತ್ತೇನೆ.

ಹಳೆಯದರಲ್ಲಿ ಕಳ್ಳರ ನಾಯಕ ಬಾಡಿಕರ್‌ನ ಗ್ಯಾಂಗ್ ಮರ್ಫಿಯನ್ನು ಹಿಡಿದಾಗ ಮೊದಲು ಹಾರಿಸುವುದು ಅವನ ಬಲಗೈಯನ್ನು. ಆಸ್ಪತ್ರೆಯಲ್ಲಿ ಡಾಕ್ಟರುಗಳು ಕಷ್ಟಪಟ್ಟು ಎಡಗೈ ಉಳಿಸಿರುತ್ತಾರೆ. ಯೋಜನೆಯ ಮುಖ್ಯಸ್ಥ ಬಾಬ್ ಮಾರ್ಟನ್ ಬಂದು ಅದನ್ನು ತೆಗೀರಿ ಅನ್ನುತ್ತಾನೆ. ಪೂರ್ತಿ ದೇಹ ಯಂತ್ರದ್ದೇ ಆಗಬೇಕು ಅಂತ ಮಾತಾಗಿತ್ತಲ್ಲ ಅಂತ. ಹಳೇ ಮನೆಯ ಕಿಟಕಿ ಕೀಳಿಸುವ ಕಂಟ್ರಾಕ್ಟರ್ ಕೂಡ ಇದಕ್ಕಿಂತ ಜಾಸ್ತಿ ಯೋಚನೆ ಮಾಡುತ್ತಾನೆ.

ಇನ್ನು ಇದಕ್ಕಿಂತ ಮುಂಚಿನ ಒಂದು ಸಣ್ಣ ದೃಶ್ಯ. ಬದುಕಿದ್ದಾಗ ಮರ್ಫಿ ಪಿಸ್ತೂಲನ್ನು ಬೆರಳಲ್ಲಿ ಗಿರಗಿರ ತಿರುಗಿಸಿ ಸೊಂಟಕ್ಕೆ ಸಿಕ್ಕಿಸುತ್ತಾನೆ. ಮಗ ಟೀವಿಯಲ್ಲಿ ನೋಡುವ ಪೊಲೀಸ್ ಹೀರೋ ಹಾಗೆ ಮಾಡುತ್ತಾನೆ, ಮಗನ ಮುಂದೆ ಅಪ್ಪನೂ ಹೀರೋ ಆಗಬೇಕಲ್ಲ. ಆಮೇಲೆ ರೋಬೊಕಾಪ್ ಮೊದಲ ಸಲ ಶೂಟಿಂಗ್ ರೇಂಜಿಗೆ ಬರುತ್ತಾನೆ. ಗುಂಡು ಹೊಡೆದು ಮುಗಿಸಿ ಅದೇ ರೀತಿ ಗಿರಗಿರ ತಿರುಗಿಸಿ ತೊಡೆಯೊಳಗೆ ಇಡುತ್ತಾನೆ. ಜೊತೆಗಾರ್ತಿ ಲೂಯಿಸ್ ನೋಡುತ್ತಾಳೆ, ಗುರುತು ಹಿಡಿಯುತ್ತಾಳೆ. ಎರಡೂ ಕೈ ಹೋಗಿವೆ, ಕೈಯ ಅಭ್ಯಾಸ ಮಾತ್ರ ಉಕ್ಕಿನ ಕೈಯಲ್ಲಿ ಉಳಿದಿದೆ. ಯಾರೂ ಭಾಷಣ ಮಾಡುವುದಿಲ್ಲ.

ಹೊಸದರಲ್ಲಿ? ಅವನ ಬಲಗೈಯ ಪಂಜ ಹಾಗೇ ಉಳಿದಿದೆ. ಕಪ್ಪು ಸೂಟಿನ ತುದಿಯಲ್ಲಿ ಬಿಳಿ ಬೆರಳುಗಳು. 'ನೋಡಿ, ಇವನು ಇನ್ನೂ ಮನುಷ್ಯ' ಅಂತ ಬೋರ್ಡು ಹಾಕಿದ ಹಾಗೆ. ಆ ಕೈಗೆ ಚಿತ್ರದಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ.

ಸೂಟ್ ಕಪ್ಪು ಯಾಕೆ ಮಾಡಿದ್ರು? ಬೆಳ್ಳಿ ಬಣ್ಣ ಚೆನ್ನಾಗಿತ್ತಲ್ಲ.

ತಮಾಷೆ ಏನಂದರೆ ಚಿತ್ರದೊಳಗೇ ಇದಕ್ಕೆ ಉತ್ತರವಿದೆ. ಮೊದಲು ತಯಾರಾಗುವ ಸೂಟ್ ಬೆಳ್ಳಿ ಬಣ್ಣದ್ದು, ಹಳೆಯದನ್ನೇ ಹೋಲುತ್ತದೆ. ಕಂಪನಿಯ ಯಜಮಾನ ರೇಮಂಡ್ ಸೆಲ್ಲರ್ಸ್, ಅಂದರೆ ಕೀಟನ್, ಅದನ್ನು ನೋಡಿ ಇನ್ನೂ ಖಡಕ್ಕಾಗಿ ಕಾಣಬೇಕು, ಕಪ್ಪು ಮಾಡಿ ಅನ್ನುತ್ತಾನೆ. ಜನಕ್ಕೆ ಏನು ಹಿಡಿಸುತ್ತದೆ ಅಂತ ಮಾರ್ಕೆಟಿಂಗ್‌ನವನ ಜೊತೆ ಲೆಕ್ಕ ಹಾಕುವ ಮಾತುಗಳೂ ಬರುತ್ತವೆ. ಬರಹಗಾರರು ಸ್ಟುಡಿಯೊದವರನ್ನೇ ಚುಚ್ಚಿದ್ದಾರೆ ಅನ್ನಿಸಿ ಖುಷಿಯಾಯಿತು. ಆದರೆ ಚುಚ್ಚಿದ ಮೇಲೆ ಚಿತ್ರವೂ ಕಪ್ಪು ಸೂಟನ್ನೇ ಹಾಕಿಕೊಂಡು ಹೊರಟಿತು. ಕೊನೆಯಲ್ಲಿ ಬೆಳ್ಳಿ ಬಣ್ಣ ವಾಪಸ್ ಬರುತ್ತದೆ, ಆಗ ಟೈಮ್ ಮುಗಿದಿರುತ್ತದೆ.

ಹಳೇ ಗ್ರಾಫಿಕ್ಸ್ ಈಗ ನೋಡಿದ್ರೆ ನಗು ಬರಲ್ವಾ?

ಕೆಲವು ಕಡೆ ಬರುತ್ತದೆ. ಇಡಿ-209 ಮೆಟ್ಟಿಲಿಳಿಯಲು ಗೊತ್ತಾಗದೆ ಉರುಳಿಬಿದ್ದು, ಅಂಗಾತ ಬಿದ್ದ ಜಿರಳೆಯ ಹಾಗೆ ಕಾಲಾಡಿಸುವಾಗ ನಗಲೇಬೇಕು, ನಗಿಸಲಿಕ್ಕೇ ಮಾಡಿದ್ದು. ಅದು ಫಿಲ್ ಟಿಪ್ಪೆಟ್ ಮತ್ತು ಅವರ ತಂಡದ ಸ್ಟಾಪ್ ಮೋಷನ್. ಪುಟ್ಟ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಆ ಜರ್ಕು ಯಂತ್ರಕ್ಕೆ ಒಂದು ದಡ್ಡ ಸ್ವಭಾವ ಕೊಟ್ಟಿತು.

ಸೂಟ್ ಮಾಡಿದ್ದು ರಾಬ್ ಬೊಟೀನ್. ಅದು ಸೆಟ್ಟಿಗೆ ಬಂದದ್ದೇ ತಡವಾಗಿ. ಮರ್ಫಿಯಾಗಿದ್ದ ಪೀಟರ್ ವೆಲ್ಲರ್ ಮೋನಿ ಯಾಕಿಮ್ ಅನ್ನುವ ಮೂಕಾಭಿನಯದ ಗುರುವಿನ ಹತ್ತಿರ ತಿಂಗಳುಗಟ್ಟಲೆ ನಡೆಯುವುದನ್ನು ಕಲಿತಿದ್ದರು. ಸೂಟ್ ಹಾಕಿಕೊಂಡ ಮೇಲೆ ಕಲಿತದ್ದು ಯಾವುದೂ ಸಾಗಲಿಲ್ಲ. ಶೂಟಿಂಗ್ ನಿಲ್ಲಿಸಿ ಮತ್ತೆ ಮೊದಲಿಂದ ಅಭ್ಯಾಸ ಮಾಡಿದರು, ನಿಧಾನಕ್ಕೆ. ಮೊದಲು ತಲೆ ತಿರುಗುತ್ತದೆ, ಆಮೇಲೆ ಭುಜ, ಆಮೇಲೆ ಮೈ. ಆ ನಡಿಗೆ ಹುಟ್ಟಿದ್ದು ಹೀಗೆ. ಇನ್ನೊಂದು ಗುಟ್ಟು: ಪೂರ್ತಿ ಸೂಟ್ ಹಾಕಿಕೊಂಡು ಕಾರಿನೊಳಗೆ ಕೂರಲು ಆಗುತ್ತಿರಲಿಲ್ಲ. ಕಾರು ಓಡಿಸುವ ದೃಶ್ಯಗಳಲ್ಲಿ ಸೊಂಟದ ಮೇಲೆ ಮಾತ್ರ ರೋಬೊಕಾಪ್.

ಹೊಸದರಲ್ಲಿ ಕಿನ್ನಮನ್ ಓಡುತ್ತಾನೆ, ಹಾರುತ್ತಾನೆ, ಬೈಕ್ ಓಡಿಸುತ್ತಾನೆ. ಎಲ್ಲ ಸಲೀಸು. ಮೈ ಮೇಲೆ ಆ ಭಾರ ಇದೆ ಅಂತ ಮಾತ್ರ ಅನ್ನಿಸುವುದಿಲ್ಲ.

ಹೊಸದ್ರಲ್ಲಿ ಒಂದಾದ್ರೂ ಒಳ್ಳೇ ಸೀನ್ ಇಲ್ವಾ?

ಮೂರಿವೆ, ಮೂರನ್ನೂ ಮನಸ್ಸು ಬಿಚ್ಚಿ ಹೊಗಳುತ್ತೇನೆ.

ಒಂದು, ಶುರುವಿನಲ್ಲೇ. ಎಂಜಿಎಂ ಸ್ಟುಡಿಯೊದ ಲಾಂಛನದ ಸಿಂಹ ಘರ್ಜಿಸಬೇಕು, ಆದರೆ ಕೇಳಿಸುವುದು ಟೀವಿ ನಿರೂಪಕ ಪ್ಯಾಟ್ ನೊವಾಕ್, ಅಂದರೆ ಜಾಕ್ಸನ್, ಗಂಟಲು ಸರಿ ಮಾಡಿಕೊಳ್ಳುವ ಸದ್ದು. ವರ್ಹೂವೆನ್‌ಗೂ ನಗು ಬರಬಹುದು.

ಎರಡು, ಗಿಟಾರ್. ಡಾಕ್ಟರ್ ನಾರ್ಟನ್, ಅಂದರೆ ಓಲ್ಡ್‌ಮನ್, ಒಬ್ಬ ಗಿಟಾರ್ ವಾದಕನಿಗೆ ಯಂತ್ರದ ಕೈ ಜೋಡಿಸಿರುತ್ತಾನೆ. ಅವನು ಬಾರಿಸುತ್ತಾ ಬಾರಿಸುತ್ತಾ ಭಾವುಕನಾಗುತ್ತಾನೆ, ಕೈ ಹಿಡಿತ ತಪ್ಪುತ್ತದೆ. ಭಾವನೆ ಇಟ್ಟುಕೊಳ್ಳಬೇಡ ಅಂದರೆ, ಭಾವನೆ ಇಲ್ಲದೆ ಬಾರಿಸುವುದು ಹೇಗೆ ಅನ್ನುತ್ತಾನೆ. ಇಡೀ ರೀಮೇಕಿನ ಪ್ರಶ್ನೆ ಆ ಒಂದು ನಿಮಿಷದಲ್ಲಿದೆ. ನೋಡಿ, ಇಲ್ಲೂ ಕೈಯೇ!

ಮೂರನೆಯದು ಎಲ್ಲರಿಗೂ ಗೊತ್ತಿರುವ ಲ್ಯಾಬ್ ದೃಶ್ಯ. ನನ್ನಲ್ಲಿ ಏನು ಉಳಿದಿದೆ ತೋರಿಸಿ ಅನ್ನುತ್ತಾನೆ ಮರ್ಫಿ. ಯಂತ್ರದ ತೋಳುಗಳು ಬಂದು ಒಂದೊಂದೇ ಭಾಗ ಬಿಚ್ಚುತ್ತವೆ. ಎದುರಿಗೆ ಕನ್ನಡಿ. ಉಳಿದಿರುವುದು ತಲೆ, ಗಂಟಲು, ಗಾಜಿನ ಹಿಂದೆ ಉಬ್ಬಿ ಇಳಿಯುವ ಶ್ವಾಸಕೋಶ, ಹೃದಯ, ಆ ಒಂದು ಕೈ. ಸಾಯಿಸಿಬಿಡಿ ಅಂತ ಬೇಡುತ್ತಾನೆ. ಒಂದು ಹನಿ ರಕ್ತವಿಲ್ಲ, ಆದರೂ ಹಳೆಯ ಚಿತ್ರದ ಯಾವ ದೃಶ್ಯಕ್ಕೂ ಕಡಿಮೆಯಿಲ್ಲ. ಇದನ್ನು ಮಾಡಬಲ್ಲವರು ಉಳಿದ ಚಿತ್ರವನ್ನು ಹಾಗೆ ಯಾಕೆ ಮಾಡಿದರು ಅನ್ನುವುದೇ ನನ್ನ ಸಂಕಟ.

ಹೆಂಡತಿ ಪಾತ್ರ ಜಾಸ್ತಿ ಮಾಡಿದ್ದು ಒಳ್ಳೇದೇ ಅಲ್ವಾ? ಹಳೇದ್ರಲ್ಲಿ ಅವಳಿಗೆ ಏನೂ ಇಲ್ಲ.

ಯೋಚನೆ ಒಳ್ಳೆಯದೇ. ಒಬ್ಬ ಹೆಂಗಸು ಗಂಡನ ದೇಹವನ್ನು ಕಂಪನಿಗೆ ಕೊಡಲು ಒಪ್ಪಿ ಸಹಿ ಹಾಕುತ್ತಾಳೆ ಅಂದರೆ ಅದೇ ಒಂದು ಚಿತ್ರಕ್ಕಾಗುವಷ್ಟು ಕತೆ. ಆದರೆ ಕ್ಲಾರಾ ಪಾತ್ರ ಮಾಡಿದ ಆ್ಯಬಿ ಕಾರ್ನಿಶ್‌ಗೆ ಸಿಕ್ಕಿದ್ದು ಕಾಯುವ ಕೆಲಸ, ಕಣ್ಣೀರಿನ ಕೆಲಸ.

ಹಳೆಯದರಲ್ಲಿ ಹೆಂಡತಿ ಇಲ್ಲದಿರುವುದೇ ದೃಶ್ಯ. ರೋಬೊಕಾಪ್ ತನ್ನ ಹಳೇ ಮನೆಗೆ ಹೋಗುತ್ತಾನೆ. ಮನೆ ಖಾಲಿ, ಮಾರಾಟಕ್ಕಿದೆ. ಟೀವಿ ಪರದೆಯಲ್ಲಿ ಬ್ರೋಕರ್ ಒಬ್ಬ ನಗುನಗುತ್ತಾ ಅಡುಗೆಮನೆಯ ಗುಣಗಾನ ಮಾಡುತ್ತಿದ್ದಾನೆ. ಒಂದೊಂದು ಕೋಣೆಯಲ್ಲೂ ಒಂದೊಂದು ತುಣುಕು ನೆನಪು ಮಿಂಚಿ ಮಾಯವಾಗುತ್ತದೆ. ಕಡೆಗೆ ಅವನು ಪರದೆಗೆ ಒಂದು ಗುದ್ದು ಹಾಕಿ ಹೊರಡುತ್ತಾನೆ. ಹೆಂಡತಿ ಮಗ ಎಲ್ಲಿ ಹೋದರು ಅಂತ ಅವನು ಹುಡುಕುವುದೂ ಇಲ್ಲ. ಅವರಿದ್ದರು ಅನ್ನುವುದು ಗೊತ್ತಾಗುತ್ತದೆ, ನೆನಪಿಗೆ ಬರುವುದಿಲ್ಲ ಅಂತ ಲೂಯಿಸ್‌ಗೆ ಹೇಳುತ್ತಾನೆ ಅಷ್ಟೆ.

ಲೂಯಿಸ್‌ನ ಗಂಡಸು ಮಾಡಿದ್ದು ಯಾಕೋ?

ಹೆಂಡತಿ ಪಾತ್ರ ದೊಡ್ಡದಾದ ಮೇಲೆ ಲೂಯಿಸ್‌ಗೆ ಜಾಗ ಉಳಿಯಲಿಲ್ಲ ಅನ್ನುವುದು ನನ್ನ ಊಹೆ. ಹೊಸ ಲೂಯಿಸ್ ಆದ ಮೈಕೆಲ್ ಕೆ. ವಿಲಿಯಮ್ಸ್ ದೊಡ್ಡ ನಟರಾಗಿದ್ದರು, ಅವರನ್ನೂ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿ ಮಲಗಿಸಿಟ್ಟರು. ಹಳೆಯ ಲೂಯಿಸ್, ಅಂದರೆ ನ್ಯಾನ್ಸಿ ಆ್ಯಲೆನ್, ಬಾಯಲ್ಲಿ ಬಬಲ್ ಗಮ್ ಊದುತ್ತಾ ಕಳ್ಳನನ್ನು ಹೊಡೆದು ಉರುಳಿಸಿ ಪರಿಚಯವಾಗುವ ದೃಶ್ಯಕ್ಕೆ ಇವರ ಬಳಿ ಜೋಡಿ ಇಲ್ಲ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಹೊಸದು ಸೀರಿಯಸ್ಸಾಗಿ ರಾಜಕೀಯ ಮಾತಾಡುತ್ತೆ. ಹಳೇದು ಬರೀ ಹೊಡೆದಾಟ. ಹಾಗಿದ್ದೂ ಹಳೇದೇ ಹೆಚ್ಚಾ?

ಹಳೆಯದು ಬರೀ ಹೊಡೆದಾಟ ಅನ್ನುವವರಿಗೆ ಒಂದು ವಿಷಯ ಹೇಳಬೇಕು: ಡೆಟ್ರಾಯಿಟ್.

1987ರ ಚಿತ್ರದಲ್ಲಿ ಡೆಟ್ರಾಯಿಟ್ ದಿವಾಳಿಯ ಅಂಚಿನಲ್ಲಿದೆ. ನಗರದವರು ಪೊಲೀಸ್ ಇಲಾಖೆಯನ್ನೇ ಓಸಿಪಿ ಕಂಪನಿಗೆ ಒಪ್ಪಿಸಿದ್ದಾರೆ. ಕಂಪನಿಗೆ ಹಳೇ ಊರನ್ನು ಕೆಡವಿ ಡೆಲ್ಟಾ ಸಿಟಿ ಕಟ್ಟುವ ಆಸೆ. ಸಾಯುತ್ತಿರುವ ಪೊಲೀಸರು ಮುಷ್ಕರ ಹೂಡುತ್ತಾರೆ. ಇದೆಲ್ಲ ತಮಾಷೆಯ ಸುದ್ದಿ ತುಣುಕು, ಜಾಹೀರಾತುಗಳ ನಡುವೆ ಜಾರಿಕೊಂಡು ಬರುತ್ತದೆ. ಒಂದರಲ್ಲಿ 6000 ಎಸ್‌ಯುಎಕ್ಸ್ ಅನ್ನುವ ಪೆಟ್ರೋಲ್ ಕುಡುಕ ಕಾರು. ಇನ್ನೊಂದರಲ್ಲಿ ಮನೆಮಂದಿಯೆಲ್ಲ ಕೂತು ಆಡುವ ಅಣುಯುದ್ಧದ ಆಟ.

ಈಗ ನಿಜದ ಡೆಟ್ರಾಯಿಟ್ ನೋಡಿ. 1950ರಲ್ಲಿ ಅಲ್ಲಿ ಸುಮಾರು 18.5 ಲಕ್ಷ ಜನ. 2010ರಲ್ಲಿ 7 ಲಕ್ಷದ ಆಸುಪಾಸು. 2013ರ ಜುಲೈನಲ್ಲಿ ನಗರ ನಿಜವಾಗಿಯೇ ದಿವಾಳಿ ಅರ್ಜಿ ಹಾಕಿತು. ಸುಮಾರು 1,800 ಕೋಟಿ ಡಾಲರ್ ಹೊರೆ, ಅಮೆರಿಕದ ನಗರವೊಂದರ ಅತಿ ದೊಡ್ಡ ದಿವಾಳಿ. ಏಳು ತಿಂಗಳ ನಂತರ, 2014ರ ಫೆಬ್ರವರಿಯಲ್ಲಿ, ಅದೇ ಊರಿನ ಹೆಸರಿಟ್ಟುಕೊಂಡು ರೀಮೇಕ್ ಬಂತು. ಅದರಲ್ಲಿ ಊರು ಫಳಫಳ ಹೊಳೆಯುತ್ತದೆ. 2028ರ ಕತೆ ಅನ್ನುತ್ತಾರೆ, ಹೆಚ್ಚಿನ ಶೂಟಿಂಗ್ ಕೆನಡಾದ ಟೊರಾಂಟೊ ಸುತ್ತಮುತ್ತ. ಹಳೆಯದನ್ನೂ ಡೆಟ್ರಾಯಿಟ್‌ನಲ್ಲಿ ತೆಗೆದಿರಲಿಲ್ಲ, ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ತೆಗೆದರು. ಆದರೂ ಅದರೊಳಗೆ ಒಂದು ಸೋತ ಊರಿತ್ತು. ಕಾಲವೇ ಹಳೇ ಚಿತ್ರದ ಕತೆಯನ್ನು ನಿಜ ಮಾಡಿ ಕೈಗಿಟ್ಟಾಗ ಹೊಸಬರು ಆ ಕಡೆ ತಿರುಗಿಯೂ ನೋಡಲಿಲ್ಲ.

ಕ್ಲೈಮ್ಯಾಕ್ಸ್ ಬಗ್ಗೆ ಏನಂತೀರಿ? ಎರಡರಲ್ಲೂ ಯಜಮಾನನ್ನ ಕೊಲ್ಲೋದೇ ತಾನೇ?

ಕೊಲ್ಲುವುದೇ, ಆದರೆ ಹೇಗೆ ಅನ್ನುವುದರಲ್ಲಿ ಎರಡು ಚಿತ್ರಗಳ ಬುದ್ಧಿ ಕಾಣುತ್ತದೆ.

ಹಳೆಯ ರೋಬೊಕಾಪ್‌ನೊಳಗೆ ಒಂದು ಗುಟ್ಟಿನ ನಾಲ್ಕನೇ ನಿಯಮವಿದೆ. ಓಸಿಪಿಯ ಹಿರಿಯ ಅಧಿಕಾರಿಯ ಮೇಲೆ ಅವನು ಕೈ ಮಾಡುವಂತಿಲ್ಲ. ಮಾಡಹೊರಟರೆ ದೇಹವೇ ನಿಂತುಹೋಗುತ್ತದೆ. ಕೊನೆಯಲ್ಲಿ ಕಂಪನಿಯ ಎರಡನೇ ಸ್ಥಾನದ ಅಧಿಕಾರಿ, ಕೊಲೆಗಾರ ಡಿಕ್ ಜೋನ್ಸ್ ತನ್ನ ಯಜಮಾನನ ತಲೆಗೇ ಪಿಸ್ತೂಲು ಇಟ್ಟಿದ್ದಾನೆ. ರೋಬೊಕಾಪ್ ಮುಂದೆಯೇ ಇದ್ದಾನೆ, ಏನೂ ಮಾಡಲಾಗುತ್ತಿಲ್ಲ. ಆಗ ಆ ಮುದುಕ ಹೇಳುತ್ತಾನೆ, ಡಿಕ್, ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ. ಅಷ್ಟೇ. ಅವನು ಈಗ ಅಧಿಕಾರಿಯಲ್ಲ. ರೋಬೊಕಾಪ್ ಥ್ಯಾಂಕ್ಯೂ ಅನ್ನುತ್ತಾನೆ, ಗುಂಡು ಹಾರಿಸುತ್ತಾನೆ, ಡಿಕ್ ಕಿಟಕಿಯಿಂದಾಚೆ. ಹೀರೋ ಕಂಪನಿಯನ್ನು ಸೋಲಿಸಲೇ ಇಲ್ಲ. ಕಂಪನಿಯ ಎಚ್‌ಆರ್ ನಿಯಮವೇ ಅವನಿಗೆ ದಾರಿ ಬಿಟ್ಟಿತು. ಕಂಪನಿ ಮರುದಿನ ಎಂದಿನಂತೆ ಬಾಗಿಲು ತೆರೆಯುತ್ತದೆ.

ಹೊಸದರಲ್ಲಿ ಸೆಲ್ಲರ್ಸ್ ಕೈಗೆ ಕೆಂಪು ಪಟ್ಟಿ ಕಟ್ಟಿಕೊಂಡಿರುತ್ತಾನೆ. ಅದಿದ್ದವರ ಮೇಲೆ ರೋಬೊಕಾಪ್ ಗುಂಡು ಹಾರಿಸಲಾಗದು. ಮರ್ಫಿ ಹಲ್ಲು ಕಚ್ಚಿ, ಮನೋಬಲದಿಂದ ಅದನ್ನು ಮೀರುತ್ತಾನೆ. ಮನೋಬಲವೊಂದಿದ್ದರೆ ಸಾಕು ಅನ್ನುವುದಾದರೆ ಇಷ್ಟು ಹೊತ್ತು ನಾವು ಕೂತಿದ್ದು ಯಾತಕ್ಕೆ?

ತಪ್ಪು ನಿರ್ದೇಶಕರದ್ದಾ, ಸ್ಟುಡಿಯೊದ್ದಾ?

ರೀಮೇಕಿನ ನಿರ್ದೇಶಕ, ಬ್ರೆಜಿಲ್‌ನ ಜೋಸೆ ಪಡೀಲ್ಯಾ ಸಾಮಾನ್ಯರಲ್ಲ. ರಿಯೊ ಪೊಲೀಸರ ಬಗ್ಗೆ ಮಾಡಿದ ಚಿತ್ರಕ್ಕೆ 2008ರಲ್ಲಿ ಬರ್ಲಿನ್ ಉತ್ಸವದ ಚಿನ್ನದ ಕರಡಿ ಗೆದ್ದವರು. ಪೊಲೀಸ್ ಹಿಂಸೆ ಅಂದರೆ ಏನು ಅಂತ ಹತ್ತಿರದಿಂದ ನೋಡಿದವರು. ವರ್ಹೂವೆನ್ ಹಾಗೆ ಇವರೂ ಹೊರಗಿನಿಂದ ಬಂದು ಅಮೆರಿಕವನ್ನು ನೋಡುವವರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಹಳೆಯದಕ್ಕೆ ಸುಮಾರು 1.3 ಕೋಟಿ ಡಾಲರ್ ಬಂಡವಾಳ. ಹೊಸದಕ್ಕೆ 10 ಕೋಟಿಗೂ ಜಾಸ್ತಿ. ಅಷ್ಟು ದುಡ್ಡು ಹಾಕಿದವರು ಯಾರನ್ನೂ ನೋಯಿಸಲು ಬಿಡುವುದಿಲ್ಲ. ನನ್ನ ತೀರ್ಪು ಅಂತ ಕೇಳಿದರೆ, ಪಿಜಿ-13 ಅಂತ ತೀರ್ಮಾನವಾದ ದಿನವೇ ಅರ್ಧ ಚಿತ್ರ ಮುಗಿದಿತ್ತು.

ದುಡ್ಡಂತೂ ಮಾಡ್ತಲ್ಲ?

ಪ್ರಪಂಚದಾದ್ಯಂತ ಸುಮಾರು 24 ಕೋಟಿ ಡಾಲರ್ ಬಂತು, ಬಹುಪಾಲು ಹೊರದೇಶಗಳಿಂದ. ಅಮೆರಿಕದ ಲೆಕ್ಕ ಮಾತ್ರ ಮಜವಾಗಿದೆ. ಹಳೆಯದು 1987ರಲ್ಲಿ ಅಲ್ಲಿ ಸುಮಾರು 5.3 ಕೋಟಿ ಗಳಿಸಿತ್ತು, ಹೊಸದು 27 ವರ್ಷ ಬಿಟ್ಟು ಸುಮಾರು 5.8 ಕೋಟಿ. ಈ ನಡುವೆ ಟಿಕೆಟ್ ಬೆಲೆ ಎಷ್ಟಾಗಿದೆ ನೀವೇ ಹೇಳಿ. ಮುಂದಿನ ಭಾಗ ಬರಲೇ ಇಲ್ಲ.

ವರ್ಹೂವೆನ್ ಇದರ ಬಗ್ಗೆ ಏನಾದ್ರೂ ಹೇಳಿದ್ದಾರಾ?

ಹೇಳಿದ್ದಾರೆ. ಅವರ 1990ರ ಟೋಟಲ್ ರೀಕಾಲ್ ಕೂಡ 2012ರಲ್ಲಿ ರೀಮೇಕ್ ಆಗಿ ಸಪ್ಪೆಯಾಯಿತು. ಮಂಗಳ ಗ್ರಹದ ಕತೆಯಲ್ಲಿ ಮಂಗಳ ಗ್ರಹವನ್ನೇ ತೆಗೆದುಬಿಟ್ಟರು! ಎರಡನ್ನೂ ಸೇರಿಸಿ ಅವರು ಹೇಳಿದ ಮಾತಿನ ಸಾರ ಇಷ್ಟು: ಇವು ಮೂಲದಲ್ಲೇ ಅಸಂಬದ್ಧ ಕತೆಗಳು, ಲಘುವಾಗಿ ಹೇಳಿದರೆ ನಿಲ್ಲುತ್ತವೆ, ಮುಖ ಗಂಟು ಹಾಕಿಕೊಂಡು ಹೇಳಿದರೆ ಬೀಳುತ್ತವೆ. ಮರ್ಫಿಗೆ ಮೊದಲಿಂದಲೇ ಪೂರ್ತಿ ಮಿದುಳು, ಪೂರ್ತಿ ನೆನಪು ಕೊಟ್ಟಿದ್ದೂ ತಪ್ಪು ಅಂದರು. ಹಾಗೆ ಮಾಡಿದರೆ ಅವನು ಶುರುವಿನಿಂದ ಒಬ್ಬ ಅಂಗವಿಕಲ ದುಃಖಿ ಅಷ್ಟೇ ಆಗುತ್ತಾನೆ ಅಂತ.

ಹಾಗಾದ್ರೆ ರೀಮೇಕೇ ಮಾಡಬಾರ್ದು ಅಂತೀರಾ? ನಮ್ಮ ಗಾಂಧಿನಗರದವರು ಎಷ್ಟು ಮಾಡಿಲ್ಲ!

ನಮ್ಮದರ ಲೆಕ್ಕವೇ ಬೇರೆ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಜಾಗವಿರಲಿಲ್ಲ. ಬೇರೆ ಭಾಷೆಯ ಕತೆ ನಮ್ಮ ಭಾಷೆಯಲ್ಲಿ ಬೇಕು ಅಂದರೆ ರೀಮೇಕೇ ದಾರಿ. ಒಳ್ಳೆಯದೋ ಕೆಟ್ಟದ್ದೋ, ಅದಕ್ಕೊಂದು ಕಾರಣವಿತ್ತು. ಹಾಲಿವುಡ್ ಅದೇ ಭಾಷೆಯಲ್ಲಿ, ಅದೇ ಜನಕ್ಕೆ, ಅಂಗಡಿಯಲ್ಲಿ ಡಿಸ್ಕ್ ಸಿಗುತ್ತಿರುವ ಚಿತ್ರವನ್ನೇ ಮತ್ತೆ ಮಾಡುತ್ತದೆ. ಅಲ್ಲಿ ಕಾರಣ ಬೇರೆ ಬೇಕು.

ಕಾರಣ ಇದ್ದರೆ ಅದೂ ಆಗುತ್ತದೆ. 1982ರ ದಿ ಥಿಂಗ್ ಕೂಡ 1951ರ ಚಿತ್ರದ ಕತೆಯನ್ನು ಮತ್ತೆ ಹೇಳಿದ್ದೇ. ಬಿಡುಗಡೆಯಾದಾಗ ಜನ ಉಗಿದರು, ಈಗ ತಲೆ ಮೇಲೆ ಹೊತ್ತುಕೊಂಡಿದ್ದಾರೆ. ಅದರ ಭಯಂಕರ ಪ್ರಾಣಿಗಳನ್ನು ಮಾಡಿದ್ದು ಯಾರು ಗೊತ್ತಾ? ಐದು ವರ್ಷದ ನಂತರ ರೋಬೊಕಾಪ್ ಸೂಟ್ ಮಾಡಿದ ಅದೇ ರಾಬ್ ಬೊಟೀನ್.

ಡ್ರೋನ್, ರೋಬೊ ಕೊಲ್ಲೋ ವಿಷಯ ಹೊಸದ್ರಲ್ಲಿ ಹೇಳಿದ್ದು ನಿಜ ಆಯ್ತಲ್ಲ? ಅದಕ್ಕಾದ್ರೂ ಮಾರ್ಕ್ಸ್ ಕೊಡಿ.

ಕೊಡುತ್ತೇನೆ. ರೀಮೇಕ್ ಶುರುವಾಗುವುದು ಟೆಹ್ರಾನ್‌ನಲ್ಲಿ. ಅಮೆರಿಕದ ರೋಬೊಗಳು ಬೀದಿಯಲ್ಲಿ ಜನರನ್ನು ಸ್ಕ್ಯಾನ್ ಮಾಡುತ್ತಾ ಹೋಗುತ್ತವೆ. ಹೊರದೇಶದಲ್ಲಿ ನಡೆಯುವುದನ್ನು ನಮ್ಮ ಬೀದಿಯಲ್ಲಿ ಒಪ್ಪುತ್ತೀರಾ ಅಂತ ಚಿತ್ರ ಕೇಳುತ್ತದೆ. ಕತೆಯಲ್ಲಿ ಅದಕ್ಕೆ ಅಡ್ಡಿಯಾಗಿ ಒಂದು ಕಾನೂನಿದೆ, ಯಂತ್ರಕ್ಕೆ ಮನಸ್ಸಾಕ್ಷಿ ಇಲ್ಲ ಅನ್ನುವ ಕಾರಣಕ್ಕೆ. ಮನುಷ್ಯನನ್ನು ಯಂತ್ರದೊಳಗೆ ತೂರಿಸುವುದು ಆ ಕಾನೂನನ್ನು ದಾಟಲಿಕ್ಕೆ. ಇದು ಜಾಣ ಕಲ್ಪನೆ, ಹಳೆಯದರಲ್ಲಿ ಇರಲಿಲ್ಲ.

ಎರಡು ವರ್ಷದ ನಂತರ, 2016ರ ಜುಲೈನಲ್ಲಿ, ಐವರು ಪೊಲೀಸರನ್ನು ಕೊಂದು ಅವಿತಿದ್ದ ಬಂದೂಕುಧಾರಿಯನ್ನು ಪೊಲೀಸರು ರೋಬೊ ಮೂಲಕ ಸ್ಫೋಟಕ ಕಳಿಸಿ ಕೊಂದರು. ಆ ರೋಬೊ ತಾನಾಗಿ ಏನನ್ನೂ ತೀರ್ಮಾನಿಸಲಿಲ್ಲ, ದೂರದಿಂದ ಮನುಷ್ಯರೇ ನಡೆಸುತ್ತಿದ್ದರು. ಊರು ಯಾವುದು? ಡಲ್ಲಾಸ್. ಹಳೇ ರೋಬೊಕಾಪ್ ಓಡಾಡಿದ ಊರು.

ಎರಡನೇ, ಮೂರನೇ ಭಾಗ ನೋಡ್ಬೇಕಾ?

ಎರಡು, 1990ರದು, ಮಳೆಗಾಲದ ರಜೆಯಲ್ಲಿ ನೋಡಬಹುದು. 1993ರ ಮೂರನೆಯದು ಪಿಜಿ-13 ಆಗಿತ್ತು, ಅದರಲ್ಲಿ ರೋಬೊಕಾಪ್ ಬೆನ್ನಿಗೆ ಯಂತ್ರ ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾನೆ. ಅಲ್ಲಿಂದ ಪಾಠ ಕಲಿತಿದ್ದರೆ 2014 ಬರುತ್ತಿರಲಿಲ್ಲ.

ಇಷ್ಟು ಬೈತೀರಲ್ಲ, ಹೊಸದನ್ನ ಎಷ್ಟು ಸಲ ನೋಡಿದ್ದೀರಿ, ನಿಜ ಹೇಳಿ?

ಮೂರು ಸಲ. ಮೊದಲನೆಯದು ಥಿಯೇಟರಿನಲ್ಲಿ, ಪಾಪ್‌ಕಾರ್ನ್ ಸಮೇತ. ಎರಡನೆಯದು ನಾನೇ ತಪ್ಪು ತಿಳಿದೆನೇನೋ ಅಂತ. ಮೂರನೆಯದು ಹೋದ ಡಿಸೆಂಬರಿನಲ್ಲಿ, ಮನೆಯಲ್ಲಿ. ಪಕ್ಕದಲ್ಲಿ ಹೆಂಡತಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು, ಟೀವಿ ಕಡೆ ಅಷ್ಟಾಗಿ ಗಮನವಿರಲಿಲ್ಲ. ಲ್ಯಾಬ್ ದೃಶ್ಯ ಬಂತು. ತೋಳು ಕಳಚಿತು, ಎದೆ ಕಳಚಿತು, ಶ್ವಾಸಕೋಶ ಕಂಡಿತು. ಅವಳ ಕೈ ನಿಂತಿತು. ಬಿಡಿಸಿದ ಸಿಪ್ಪೆ ಕೈಯಲ್ಲೇ ಇತ್ತು. ಆಮೇಲೆ ಟೇಸರ್ ಶುರುವಾಯಿತು, ಅವಳು ಮತ್ತೆ ಸುಲಿಯತೊಡಗಿದಳು.